ಹತ್ತರಲ್ಲಿ ನಾಲ್ಕು ಮನೆ

ಇವತ್ತು ಮಾಡಿದ ಕೆಲಸ ಇಷ್ಟು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ, ರಂಗೋಲಿ ಬಿಡಲಿಲ್ಲ. ಹಾಲು ಕಾಯಿಸಿ ಹಾಗೇ ಮುಚ್ಚಿಟ್ಟೆ. ಅಟ್ಟದ ಮೇಲಿದ್ದ ದೊಡ್ಡ ಹಂಡೆ ಇಳಿಸಿ, ಹುಳಿ ಹಾಕಿ ತಿಕ್ಕಿ, ನೀರು ಕಾಯಲು ಇಟ್ಟೆ. ಯಜಮಾನರನ್ನು ಹೂವಿನ ಅಂಗಡಿಗೂ ಹೆಬ್ಬಗೋಡಿಯ ಶಾಮಿಯಾನದವರ ಹತ್ತಿರಕ್ಕೂ ಕಳಿಸಿದೆ. ಸಂಘದ ಹಾಲ್‌ನ ಜಗಲಿ ಗುಡಿಸಿ ಚಾಪೆ ಹಾಸಿದೆ. ಮಧ್ಯಾಹ್ನ ಯಾರಿಗೂ ಊಟ ಬಡಿಸಲಿಲ್ಲ. ಸಂಜೆ ಅದೇ ಜಗಲಿ ತೊಳೆದೆ. ತಲೆಗೆ ನೀರು ಹಾಕಿಕೊಂಡು ಬಂದು, ಒಲೆ ಹಚ್ಚಿ, ಅಕ್ಕಿ ತೊಳೆದೆ.

ನಮ್ಮ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿರುವವಳ ತಾಯಿ ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ನಮ್ಮ ಬಡಾವಣೆಯೊಳಕ್ಕೆ ತಂದು, ಸಂಘದ ಜಗಲಿಯ ಮೇಲೆ ಕೂರಿಸಿ, ಮಣ್ಣು ಮಾಡಲು ಕಳಿಸಿಕೊಟ್ಟೆವು. ಬೇರೆ ಊರಿನವರಿಗೆ ಇದು ಬರೆದಿಡುವಂಥ ಸಂಗತಿ ಅನ್ನಿಸದಿರಬಹುದು. ಸತ್ತವರನ್ನು ಎಲ್ಲಾದರೂ ಒಂದು ಕಡೆ ಇಳಿಸಲೇಬೇಕಲ್ಲ. ಆದರೆ ಹೋದ ವರ್ಷದ ತನಕ ನಮ್ಮಲ್ಲಿ ಬಾಡಿಗೆಯವರ ಹೆಣಕ್ಕೆ ಬಡಾವಣೆಯ ಗೇಟಿನಿಂದ ಒಳಗೆ ದಾರಿ ಇರಲಿಲ್ಲ. ಆ ದಾರಿ ತೆರೆದದ್ದು ಒಂದು ಚುನಾವಣೆಯಿಂದ. ಅದನ್ನು ಮರೆಯುವ ಮುಂಚೆ ಬರೆಯುತ್ತಿದ್ದೇನೆ.

ನಮ್ಮದು ಚಂದಾಪುರಕ್ಕೂ ಹೆಬ್ಬಗೋಡಿಗೂ ನಡುವೆ, ಹೊಸೂರು ರಸ್ತೆಯಿಂದ ಸ್ವಲ್ಪ ಒಳಗಿರುವ ಬಡಾವಣೆ. ಮೊದಲು ರಾಗಿ ಹೊಲ. ಊರಿನವರು, ಸೈಟು ಕೊಂಡು ಬಂದವರು ಎಲ್ಲರೂ ಸೇರಿ ಕೆಳಗೆ ತಮಗೊಂದು ಮನೆ, ಮೇಲೆ ಬಾಡಿಗೆಗೆ ನಾಲ್ಕಾರು ಮನೆ ಕಟ್ಟಿಕೊಂಡಿದ್ದಾರೆ. ಬಾಡಿಗೆಗೆ ಬರುವವರು ಹೆಚ್ಚಿನವರು ಉತ್ತರ ಕರ್ನಾಟಕದವರು. ಗಂಡಸರು ಕಟ್ಟಡ ಕೆಲಸ, ಫ್ಯಾಕ್ಟರಿ. ಹೆಂಗಸರು ಗಾರ್ಮೆಂಟ್ಸು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಹೌಸ್‌ಕೀಪಿಂಗು. ನೀರಿನ ಪಂಪು, ಬೀದಿ ದೀಪ, ಕಸದ ಗಾಡಿ, ಹಾಲ್‌ನ ಬೀಗ ನೋಡಿಕೊಳ್ಳಲು ಒಂದು ಸಂಘ. ಅದಕ್ಕೆ ಐದು ಜನರ ಸಮಿತಿ. ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೇಲೆ ಚುನಾವಣೆ.

ಓಟು ಬಾಡಿಗೆಯವರಿಗೂ ಇತ್ತು. ಎರಡು ವರ್ಷಕ್ಕಿಂತ ಹೆಚ್ಚು ಇಲ್ಲೇ ಇರುವ ಸಂಸಾರಗಳಿಗೆ ಮಾತ್ರ, ಮನೆಗೊಂದು. ಹಾಗೆ ಲೆಕ್ಕ ಹಾಕಿದರೆ ಓಟಿರುವ ಪ್ರತಿ ಹತ್ತು ಮನೆಗಳಲ್ಲಿ ಆರು ಮಾಲೀಕರವು, ನಾಲ್ಕು ಬಾಡಿಗೆಯವರವು. ನಿಂತವರೆಲ್ಲರ ಹೆಸರು ಒಂದು ಚೀಟಿಯಲ್ಲಿ ಇರುತ್ತಿತ್ತು, ಪ್ರತಿ ಮನೆಯವರೂ ಐದು ಹೆಸರಿಗೆ ಗುರುತು ಹಾಕಬೇಕು. ಮಾಲೀಕರೆಲ್ಲ ತಮ್ಮ ಐವರಿಗೆ ಹಾಕುತ್ತಿದ್ದರು. ಬಾಡಿಗೆಯವರು ತಮ್ಮವರು ಯಾರಾದರೂ ನಿಂತಿದ್ದರೆ ಅವರಿಗೆ ಹಾಕಿ, ಜೊತೆಗೆ ತಾವಿರುವ ಮನೆಯ ಮಾಲೀಕನಿಗೂ ಒಂದು ಹಾಕುತ್ತಿದ್ದರು. ಅದು ಮರ್ಯಾದೆ. ‘ಅವರ ಮನ್ಯಾಗ ಇದ್ದು ಅವರಿಗೆ ಒಂದು ಹಾಕಲಿಲ್ಲಂದ್ರ ಹೆಂಗ್ರಿ’ ಎನ್ನುವವರು. ಆರು ಮನೆಯ ಓಟು ನಾಲ್ಕು ಮನೆಯ ಓಟಿಗಿಂತ ಹೆಚ್ಚು. ಹಾಗಾಗಿ ಒಂದನೆಯ ಕುರ್ಚಿಯೂ ಮಾಲೀಕರದೇ, ಐದನೆಯ ಕುರ್ಚಿಯೂ ಮಾಲೀಕರದೇ. ಹತ್ತರಲ್ಲಿ ನಾಲ್ಕು ಮನೆಯವರಿಗೆ ಐದರಲ್ಲಿ ಒಂದು ಕುರ್ಚಿಯೂ ಇಲ್ಲ. ಇದರಲ್ಲಿ ಮೋಸ ಏನೂ ಇರಲಿಲ್ಲ. ಎಣಿಕೆ ಎಲ್ಲರ ಎದುರೇ ನಡೆಯುತ್ತಿತ್ತು. ನಮ್ಮ ಯಜಮಾನರು ಹಾಗೆಯೇ ಆರು ಸಲ ಆರಿಸಿ ಬಂದವರು.

ಸಮಿತಿ ಮಾಡಿದ್ದ ನಿಯಮಗಳಲ್ಲಿ ಒಂದು, ಬಾಡಿಗೆಯವರ ಶವವನ್ನು ಅವರಿರುವ ಮನೆಗಾಗಲಿ ಹಾಲ್‌ಗಾಗಲಿ ತರಕೂಡದು ಎನ್ನುವುದು. ಮಾಲೀಕರ ಭಯವೂ ಸುಳ್ಳಲ್ಲ. ಸಾವಾದ ನಕ್ಷತ್ರ ಸರಿಯಿಲ್ಲ ಅಂತ ಪುರೋಹಿತರು ಹೇಳಿದರೆ ಮನೆಗೆ ಬೀಗ ಹಾಕಿ ಮೂರು ತಿಂಗಳು, ಆರು ತಿಂಗಳು ಬಿಟ್ಟು ಹೋಗುವ ಪದ್ಧತಿ ನಮ್ಮ ಕಡೆ ಇದೆ. ಆಮೇಲೆ ಆ ಮನೆಗೆ ಬಾಡಿಗೆಗೆ ಬರುವವರು ಅಕ್ಕಪಕ್ಕ ವಿಚಾರಿಸಿ ಹಿಂದೆ ಸರಿಯುತ್ತಾರೆ. ಅದಕ್ಕೇ ಕಾಯಿಲೆ ಜೋರಾದವರನ್ನು ಕಂಡರೆ ಮಾಲೀಕರು ‘ಊರಿಗೆ ಕರಕೊಂಡೋಗ್ರಪ್ಪ’ ಅನ್ನುತ್ತಾರೆ.

ಆದರೆ ನಾನು ಕಣ್ಣಾರೆ ಕಂಡದ್ದು ಒಂದಿದೆ. ಹಿಂದಿನ ಬೀದಿಯ ಗಾರೆ ಕೆಲಸದವನೊಬ್ಬ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಆಂಬುಲೆನ್ಸು ಊರಿಗೆ ಹೊರಡುವ ಮುಂಚೆ ಬಡಾವಣೆಯ ಗೇಟಿನ ಹೊರಗೆ, ಹೊಸೂರು ರಸ್ತೆಯ ಪಕ್ಕ ನಿಂತಿತು. ಅವನ ಹೆಂಡತಿ, ಅಕ್ಕಪಕ್ಕದವರು ಅಲ್ಲಿಗೇ ಹೋಗಿ ಮುಖ ನೋಡಿದರು. ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಯಾರೋ ಹೆಂಗಸು ತಂದಿದ್ದ ಹೂವು ಗಾಳಿಗೆ ರಸ್ತೆಗೆ ಬಿದ್ದು ಟೈರಿಗೆ ಸಿಕ್ಕಿತು. ನಾನು ಮೊಸರು ತರಲು ಹೋದವಳು ಪಾತ್ರೆ ಹಿಡಿದು ನಿಂತಿದ್ದೆ. ನಮ್ಮ ಮಹಡಿಯವಳೂ ಅಲ್ಲಿದ್ದಳು. ಅವಳ ಕಣ್ಣು ಆಂಬುಲೆನ್ಸಿನ ಮೇಲಿರಲಿಲ್ಲ, ಗೇಟಿನ ಮೇಲಿತ್ತು.

ಅವಳ ತಾಯಿಗೆ ಆಗಲೇ ಕಾಯಿಲೆ ಹಿಡಿದಿತ್ತು. ಹೊಟ್ಟೆಯಲ್ಲಿ ಗೆಡ್ಡೆ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಅವಳು ಕೊಪ್ಪಳದ ಕಡೆಯವಳು, ಗಂಡ ಸೆಂಟ್ರಿಂಗ್ ಕೆಲಸದವನು. ಮದುವೆಯಾದ ವರ್ಷವೇ ಇಲ್ಲಿಗೆ ಬಂದವರು. ಅಣ್ಣ ತಮ್ಮಂದಿರಿಲ್ಲ. ತಾಯಿಯನ್ನು ಇಲ್ಲಿಗೆ ಕರೆಸಿಕೊಂಡೇ ಹತ್ತು ವರ್ಷದ ಮೇಲಾಯಿತು. ಆ ಅಜ್ಜಿ ಮೆಟ್ಟಿಲ ಮೇಲೆ ಕೂತು ನನಗೆ ಸೊಪ್ಪು ಬಿಡಿಸಿಕೊಡುತ್ತಿದ್ದರು. ನನ್ನ ಮಾತು ಅವರಿಗೆ ಅರ್ಧ, ಅವರ ಮಾತು ನನಗೆ ಅರ್ಧ. ನಾವಿಬ್ಬರೂ ನಗುತ್ತಿದ್ದೆವು.

‘ಊರಾಗ ನಮಗ ಯಾರದಾರ್ರೀ ಅಕ್ಕಾರ’ ಎಂದಳು ಅವಳು ಒಂದು ದಿನ, ಬಟ್ಟೆ ಒಣಹಾಕುತ್ತ. ‘ಮನಿ ಬಿದ್ದು ಹೋಗೇತಿ. ಅವ್ವಗ ಗುರುತಿರೂ ಮಂದಿ ಎಲ್ಲಾ ಇಲ್ಲೇ. ಅಷ್ಟು ದೂರ ಒಯ್ದು ಯಾರ ಮುಂದ ಇಳಸ್ಲಿ?’

ನಾನು ಕ್ಲಿಪ್ಪು ಕೊಡುತ್ತ ನಿಂತೆ.

ಹೋದ ಯುಗಾದಿಯ ನಂತರದ ಸಭೆಯಲ್ಲಿ ಮೂಲೆ ಮನೆಯಲ್ಲಿ ಬಾಡಿಗೆಗಿರುವ ಕಾಲೇಜು ಮೇಡಂ ಎದ್ದು ನಿಂತರು. ಅವರು ರಾಜ್ಯಶಾಸ್ತ್ರ ಪಾಠ ಮಾಡುವವರು. ‘ಈ ವರ್ಷ ಓಟು ಬೇರೆ ಥರ ಮಾಡೋಣ. ಹೆಸರಿಗೆ ಹಾಕೋದು ಬೇಡ, ಗುಂಪಿಗೆ ಹಾಕೋಣ. ಪ್ರತಿ ಗುಂಪು ತಮ್ಮ ಐದು ಹೆಸರು ಮೊದಲೇ ಹೇಳಲಿ. ಹತ್ತರಲ್ಲಿ ಆರು ಓಟು ಬಿದ್ದ ಗುಂಪಿಗೆ ಮೂರು ಕುರ್ಚಿ, ನಾಲ್ಕು ಬಿದ್ದ ಗುಂಪಿಗೆ ಎರಡು’ ಎಂದರು. ಇದಕ್ಕೆ ಪ್ರಮಾಣಾನುಗುಣ ಪ್ರಾತಿನಿಧ್ಯ ಅನ್ನುತ್ತಾರಂತೆ. ಎಷ್ಟೋ ದೇಶಗಳಲ್ಲಿ ಇದೆಯಂತೆ. ನಮ್ಮ ದೊಡ್ಡ ಚುನಾವಣೆಗಳಲ್ಲಿ ಒಂದು ಕ್ಷೇತ್ರದಲ್ಲಿ ಒಂದು ಓಟು ಹೆಚ್ಚು ತೆಗೆದವನದೇ ಎಲ್ಲ. ಮಿಕ್ಕವರ ಓಟು ಹಾಕಿಯೂ ಹಾಕದ ಹಾಗೆ. ಈ ಪದ್ಧತಿ ಬಂದರೆ ಸೋತವರೂ ತಮ್ಮ ಪಾಲಿನಷ್ಟು ಒಳಗೆ ಕೂರುತ್ತಾರೆ, ಗೆದ್ದವರು ತಮ್ಮ ಪಾಲಿಗಿಂತ ಹೆಚ್ಚು ಕೂರುವುದಿಲ್ಲ.

ನನಗೆ ಇದು ಅಡುಗೆಯಿಂದ ಅರ್ಥವಾಯಿತು. ಹತ್ತು ಜನರ ಮನೆಯಲ್ಲಿ ಆರು ಜನಕ್ಕೆ ಮುದ್ದೆ, ನಾಲ್ಕು ಜನಕ್ಕೆ ರೊಟ್ಟಿ ಬೇಕು ಅನ್ನಿ. ಮುದ್ದೆಯವರು ಹೆಚ್ಚು ಅಂತ ದಿನಾ ಮುದ್ದೆಯೊಂದನ್ನೇ ಮಾಡಿ, ‘ಕೇಳಿಯೇ ಮಾಡಿದ್ದಲ್ಲ’ ಎಂದರೆ, ಕೇಳಿದ್ದು ನಿಜ. ಆ ನಾಲ್ಕು ಜನ ಉಪವಾಸ ಇದ್ದದ್ದೂ ನಿಜ.

ಯಜಮಾನರಿಗೆ ಹಿಡಿಸಲಿಲ್ಲ. ‘ಐದು ಜನ ಒಂದೇ ಮನಸ್ಸಲ್ಲಿದ್ರೆ ಕೆಲಸ ನಡೀತದೆ ಕಣೆ. ಇಬ್ಬರು ಅತ್ತ ಎಳೆದು ಮೂವರು ಇತ್ತ ಎಳೆದ್ರೆ, ಪಂಪ್ ಕೆಟ್ರೂ ಮೀಟಿಂಗು, ಬಲ್ಬ್ ಹೋದ್ರೂ ಮೀಟಿಂಗು. ಸರ್ಕಾರದಲ್ಲಿ ನೋಡಲ್ವಾ ಸಮ್ಮಿಶ್ರದ ಸಂಸಾರ’ ಎಂದರು. ಅವರ ಮಾತಿನಲ್ಲೂ ಹುರುಳಿತ್ತು.

ಅಧ್ಯಕ್ಷರು ಮಾತ್ರ ಸಭೆಯಲ್ಲೇ ಒಪ್ಪಿಬಿಟ್ಟರು. ಅವರು ಈ ಜಾಗದ ಮೂಲ ಊರಿನವರು. ಬಡಾವಣೆ ಆಗಿರುವುದೇ ಅವರ ತಂದೆಯ ಹೊಲದಲ್ಲಿ. ‘ಆಗ್ಲಿ ಬುಡವ್ವ, ಒಂದ್ ವರ್ಸ ಅಂಗೂ ಮಾಡಿ ನೋಡಾನ’ ಎಂದರು. ಹೊರಗೆ ಬಂದು ಯಜಮಾನರ ಹೆಗಲ ಮೇಲೆ ಕೈ ಹಾಕಿ, ‘ಯಾಕಪ್ಪ ಎದರ್ಕಂತೀಯ? ಬಾನ್ವಾರ ಓಟಿ ಡ್ಯೂಟಿ ದುಡ್ ಬುಟ್ಟು ಓಟ್ ಆಕಕ್ಕೆ ಬತ್ತಾರಾ? ಬಂದ್ರೂ ಮನೆ ಓನರ್ ಮಕ ಮುರ್ದು ಆಕ್ತಾರಾ?’ ಎಂದು ನಕ್ಕರು. ಅವರು ನಂಬಿದ್ದು ಆ ಮರ್ಯಾದೆಯನ್ನೇ.

ಚೀಟಿಯಲ್ಲಿ ಎರಡೇ ಚಿತ್ರ: ಮಾಲೀಕರ ಗುಂಪಿಗೆ ದೀಪ, ಬಾಡಿಗೆಯವರಿಗೆ ಕೊಡ. ಒಂದಕ್ಕೆ ಮಾತ್ರ ಗುರುತು. ಬಾಡಿಗೆಯವರ ಹೆಸರುಗಳಲ್ಲಿ ಮೊದಲನೆಯದು ಮೇಡಂದು, ಎರಡನೆಯದು ನಮ್ಮ ಮಹಡಿಯವಳದು.

ಓಟಿನ ಹಿಂದಿನ ದಿನ ಅವಳು ಒಂದು ಬಟ್ಟಲಲ್ಲಿ ಶೇಂಗಾ ಚಟ್ನಿ ಪುಡಿ ಹಿಡಿದು ಬಂದಳು. ಒಳಗೆ ಬಾ ಅಂದರೂ ಬರದೆ ಹೊಸಿಲ ಹೊರಗೇ ನಿಂತಳು.

‘ಅಕ್ಕಾರ, ಒಂದು ಮಾತು ಹೇಳಿ ಹೋಗೂಣಂತ ಬಂದೆ. ಈ ಸಲ ಅಣ್ಣಾರಿಗೆ ಹಾಕಾಕ ಆಗಂಗಿಲ್ರಿ. ಒಂದ ಕೊಟ್ಟಾರ. ಎರಡಿದ್ರ ಹಾಕ್ತಿದ್ನಿ. ಸಿಟ್ಟು ಮಾಡ್ಕೋಬ್ಯಾಡ್ರಿ.’

ಒಳಗೆ ಪೇಪರ್ ಓದುತ್ತಿದ್ದ ಯಜಮಾನರಿಗೆ ಕೇಳಿಸಿತು. ‘ನೀನೇ ನಿಂತಿರೋದು, ನಿನಗೆ ನೀನು ಹಾಕ್ಕೊಳ್ಳದೆ ನನಗೆ ಹಾಕ್ತೀಯೇನಮ್ಮ? ಹೋಗು, ಅಜ್ಜಿಗೆ ಗಂಜಿ ಮಾಡು’ ಎಂದರು. ನಗುತ್ತಲೇ ಅಂದರು, ಆದರೆ ಪೇಪರು ಕೆಳಗಿಳಿಸಲಿಲ್ಲ.

ಭಾನುವಾರ ಬಾಡಿಗೆಯವರು ಬಂದರು. ಓಟಿ ಬಿಟ್ಟು ಬಂದರು. ರಾತ್ರಿ ಪಾಳಿ ಮುಗಿಸಿದವರು ಕೆಂಗಣ್ಣಿನಲ್ಲೇ ಸಾಲಿನಲ್ಲಿ ನಿಂತರು. ಎಣಿಸುವಾಗ ಒಂದು ವಿಚಿತ್ರ ಕಂಡಿತು. ಹಲವು ಚೀಟಿಗಳಲ್ಲಿ ಕೊಡಕ್ಕೂ ಗುರುತು, ದೀಪಕ್ಕೂ ಗುರುತು. ಒಂದೇ ಹಾಕಬೇಕು ಅಂತ ಮೇಡಂ ಬಾಗಿಲು ಬಾಗಿಲಿಗೆ ಹೋಗಿ ಹೇಳಿದ್ದರು. ಎಲ್ಲರೂ ತಲೆ ಆಡಿಸಿದ್ದರು. ಪರದೆಯ ಹಿಂದೆ ಹೋದ ಮೇಲೆ ಕೈ ತಡೆಯಲಿಲ್ಲ. ಮನೆ ಕೊಟ್ಟವರಿಗೊಂದು ಹಾಕದೆ ಹೇಗೆ ಹೊರಗೆ ಬರುವುದು? ಆ ಚೀಟಿಗಳೆಲ್ಲ ಕೆಟ್ಟವು. ‘ಅಯ್ಯೋ, ಇವರ ಮರ್ಯಾದೆಗಿಷ್ಟು’ ಎಂದು ಮೇಡಂ ಹಣೆ ಹಿಡಿದುಕೊಂಡರು. ಅಧ್ಯಕ್ಷರು, ‘ನೋಡ್ದಾ? ನಾನ್ ಏಳ್ನಿಲ್ವಾ?’ ಎಂದು ಯಜಮಾನರನ್ನು ತಿವಿದರು. ಅಷ್ಟು ಕೆಟ್ಟ ಮೇಲೂ ಕೊಡದ ಪಾಲು ಎರಡು ಕುರ್ಚಿಗೆ ಸಾಕಾಯಿತು. ದೀಪಕ್ಕೆ ಮೂರು: ಅಧ್ಯಕ್ಷರು, ನಮ್ಮ ಯಜಮಾನರು, ಹಾಲಿನ ಬೂತಿನ ಯಜಮಾನಿ. ಕೊಡಕ್ಕೆ ಎರಡು.

ಹೊರಗೆ ಉಳಿದ ಇಬ್ಬರು ಮಾಲೀಕರಲ್ಲಿ ಒಬ್ಬರು ಬೀದಿ ದೀಪ ನೋಡಿಕೊಳ್ಳುತ್ತಿದ್ದವರು. ಒಳ್ಳೆಯ ಮನುಷ್ಯ, ಏಣಿ ಹೆಗಲ ಮೇಲೆ ಹಾಕಿಕೊಂಡು ತಾವೇ ಹತ್ತುತ್ತಿದ್ದರು. ಹಳೆಯ ಪದ್ಧತಿಯಲ್ಲಾಗಿದ್ದರೆ ಸೋಲುತ್ತಿರಲಿಲ್ಲ. ಮರುದಿನವೇ ದೀಪದ ಬೋರ್ಡಿನ ಕೀಲಿ ತಂದು ನಮ್ಮ ಮನೆಯ ಕಟ್ಟೆಯ ಮೇಲೆ ಇಟ್ಟು ಹೋದರು. ‘ಬೇಡ ಅಂದ್ರಲ್ಲ ಜನ’ ಅಷ್ಟೇ ಅಂದದ್ದು. ಬೇಡ ಅಂದಿರಲಿಲ್ಲ. ಅದನ್ನು ಅವರಿಗೆ ಹೇಗೆ ಹೇಳುವುದೋ ನಮಗೆ ತಿಳಿಯಲಿಲ್ಲ. ಬಹಳ ದಿನ ನಮ್ಮ ಬೀದಿಯ ಕೊನೆ ಕತ್ತಲಾಗೇ ಇತ್ತು.

ಮೊದಲ ಸಮಿತಿ ಸಭೆ ಹಾಲ್‌ನ ಜಗಲಿಯ ಮೇಲೆ ನಡೆಯಿತು. ಕಾಫಿ ನಮ್ಮ ಮನೆಯ ಪಾಳಿ. ನಾನು ಫ್ಲಾಸ್ಕು ಲೋಟ ಹಿಡಿದು ಹೋದಾಗ ಪಂಪಿನ ಮಾತು ಮುಗಿದಿತ್ತು. ನಮ್ಮ ಮಹಡಿಯವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಹೌಸ್‌ಕೀಪಿಂಗ್ ಯೂನಿಫಾರಮ್ಮಿನ ಮೇಲೆ ಸೆರಗಿನಂತೆ ಟವೆಲು ಹೊದ್ದು.

‘ಇನ್ನೇನಾರ ಐತಾ?’ ಎಂದರು ಅಧ್ಯಕ್ಷರು.

‘ಐತ್ರಿ’ ಎಂದಳು ಅವಳು. ‘ನಮ್ಮವ್ವ ಇನ್ನಾ ಅದಾಳ್ರಿ. ಇದ್ದಾಗ್ಲೇ ಕೇಳಾಕ್ಹತ್ತೀನಿ. ಹೋದ ಮ್ಯಾಲ ಕೇಳಾಕ ನನಗ ಬಾಯಿ ಬರಂಗಿಲ್ಲ. ಮನ್ಯಾಗ ತರೂದಿಲ್ರಿ. ಹಾಲ್ ಒಳಗೂ ಬ್ಯಾಡ. ಈ ಕಟ್ಟಿ ಮ್ಯಾಲ ಒಂದು ನಾಕ್ ತಾಸು ಕುಂದ್ರಸ್ತೀವಿ. ಮಂದಿ ಮಕ ನೋಡ್ಲಿ. ಆಮ್ಯಾಲ ನಾವ ತೊಳದು ಕೊಡ್ತೀವಿ.’

ನಾನು ಲೋಟ ಜೋಡಿಸಿ ಕಾಫಿ ಬಗ್ಗಿಸಿದೆ.

ಬೂತಿನ ಯಜಮಾನಿ, ‘ನಾಳೆ ಇದೇ ಹಾಲ್‌ನಲ್ಲಿ ಸೀಮಂತ ಮಾಡ್ಬೇಕು ಅಂದ್ರೆ ಯಾರು ಬರ್ತಾರಮ್ಮ? ಒಬ್ಬರಿಗೆ ಅಂದ್ರೆ ಎಲ್ಲರಿಗೂ’ ಎಂದರು.

‘ಮಾಲೀಕರ ಮನೆ ಸಾವಿಗೆ ಇದೇ ಜಗಲಿ ಕೊಟ್ಟಿದ್ದೀರಲ್ಲ ಮೇಡಂ. ಆಮೇಲೆ ಸೀಮಂತ ನಿಂತಿದೆಯಾ?’ ಎಂದರು ಕಾಲೇಜು ಮೇಡಂ.

‘ಅದು ಬ್ಯಾರೆ ಕಣವ್ವ’ ಎಂದರು ಅಧ್ಯಕ್ಷರು. ಹೇಗೆ ಬೇರೆ ಎನ್ನುವುದನ್ನು ಹೇಳಲಿಲ್ಲ.

ಆ ಜಗಲಿಯ ಮೇಲೆ ಕೊನೆಯದಾಗಿ ಮಲಗಿಸಿದ್ದು ನಮ್ಮ ಅತ್ತೆಯವರನ್ನು. ಅವತ್ತು ಊರಿಂದ ನೆಂಟರು ಬರುವ ತನಕ ಕಾಯಬೇಕಾಗಿತ್ತು. ಮಹಡಿಯಿಂದ ಕೊಡ ಕೊಡ ನೀರು ಇಳಿಸಿದವಳು ಇವಳೇ. ಆದರೆ ಇವಳು ಆ ಮಾತನ್ನು ಎತ್ತಲಿಲ್ಲ. ಯಜಮಾನರ ಕಡೆ ನೋಡಲೂ ಇಲ್ಲ. ನೆಲ ನೋಡುತ್ತಿದ್ದಳು.

ಯಜಮಾನರು ಸಮಿತಿಯಲ್ಲಿದ್ದ ಮೂವರು ಮಾಲೀಕರ ಪೈಕಿ ಒಬ್ಬರು. ಮೂವರೂ ಒಂದಾದರೆ ಮೂರಕ್ಕೆ ಎರಡು. ನಿಯಮ ಹಾಗೇ ಉಳಿಯುತ್ತದೆ. ಪದ್ಧತಿ ಬದಲಾಗಿ ಕುರ್ಚಿ ಬಂದದ್ದು ನಿಜ, ಬಹುಮತ ಬಂದಿರಲಿಲ್ಲ. ಈ ಲೆಕ್ಕ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಯಜಮಾನರು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ‘ಜಗಲಿ ಅಂದ್ರೆ ನನ್ನ ಒಪ್ಪಿಗೆ ಇದೆ. ಮನೆ ಒಳಗೆ ಬೇಡ’ ಎಂದರು.

‘ಏನಪ್ಪ, ನೀನೂವಾ?’ ಎಂದರು ಅಧ್ಯಕ್ಷರು.

‘ಎದುರಿಗೆ ಕೂತು ಕೇಳ್ತಾ ಇದ್ದಾಳಲ್ಲಣ್ಣ. ಇಲ್ಲ ಅನ್ನೋಕೆ ನನಗೆ ಆಗಲ್ಲ.’

ಮೂರಕ್ಕೆ ಎರಡು ಆಯಿತು, ಬೇರೆ ಕಡೆಯಿಂದ. ಅವಳು ಎದ್ದು ನಿಂತು ಎಲ್ಲರಿಗೂ ಕೈ ಮುಗಿದಳು. ಬೇಡ ಅಂದವರಿಗೂ ಮುಗಿದಳು. ಆಮೇಲೆ ಪಾಳಿಗೆ ಹೊತ್ತಾಯಿತೆಂದು ಕ್ಯಾಬು ಹಿಡಿಯಲು ಓಡಿದಳು.

ಅವತ್ತು ಊಟಕ್ಕೆ ಕೂತಾಗ ಯಜಮಾನರು, ‘ಐದೂ ಜನ ನಾವೇ ಇದ್ದಿದ್ರೆ ಈ ಮಾತೇ ಬರ್ತಿರಲಿಲ್ಲ’ ಎಂದರು.

‘ಬರದೆ ಇದ್ದಿದ್ರೆ ಚೆನ್ನಾಗಿತ್ತಾ?’

‘ನೆಮ್ಮದಿಯಾಗಿತ್ತು’ ಎಂದು ಮಜ್ಜಿಗೆಗೆ ಕೈ ಚಾಚಿದರು.

ಅದೂ ನಿಜವೇ. ಆಮೇಲಿನ ತಿಂಗಳುಗಳಲ್ಲಿ ನೆಮ್ಮದಿ ಇರಲಿಲ್ಲ. ಅಧ್ಯಕ್ಷರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಬೂತಿನಲ್ಲಿ ನನಗೆ ಹಾಲು ಕೊಡುವಾಗ ಆಯಮ್ಮ ಮುಖ ಬೇರೆ ಕಡೆ ತಿರುಗಿಸುತ್ತಾರೆ. ಮುಂದಿನ ಯುಗಾದಿಗೆ ಹಳೆಯ ಪದ್ಧತಿಯನ್ನೇ ತರಬೇಕೆಂದು ಮಾಲೀಕರ ಮನೆಗಳಲ್ಲಿ ಮಾತಾಗಿದೆ. ತರಲೂಬಹುದು, ಹತ್ತರಲ್ಲಿ ಆರು ಅವರೇ. ಅಜ್ಜಿ ಅಷ್ಟು ದಿನ ಬದುಕಿದರೆ ಏನು ಗತಿ ಎಂದು ಅವಳು ಒಮ್ಮೆ ಕೇಳಿದಳು. ಕೇಳಿ ತಾನೇ ಬಾಯಿಗೆ ಸೆರಗು ಹಿಡಿದಳು. ತಾಯಿ ಹೆಚ್ಚು ದಿನ ಇರಲಿ ಎಂದೂ ಬೇಡಿಕೊಳ್ಳಲಾಗದ ಹಾಗಾಗಿತ್ತು ಅವಳ ಪಾಡು.

ಇವತ್ತು ಆಂಬುಲೆನ್ಸು ಗೇಟಿನ ಹತ್ತಿರ ಅಭ್ಯಾಸದಂತೆ ನಿಧಾನ ಮಾಡಿತು. ಯಜಮಾನರು ಮುಂದೆ ಹೋಗಿ ಒಳಗೆ ಬಾ ಎಂದು ಕೈ ಮಾಡಿದರು. ನಮ್ಮಲ್ಲಿ ಹೆಣವನ್ನು ಮಲಗಿಸುತ್ತೇವೆ, ಅಜ್ಜಿಯ ಮನೆಯವರು ಮೀಯಿಸಿ, ವಿಭೂತಿ ಹಚ್ಚಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದರು. ಅಜ್ಜಿ ಸೊಪ್ಪು ಬಿಡಿಸಲು ಕೂತ ಹಾಗೇ ಕಂಡರು. ಚಿಕ್ಕಬಾಣಾವರದಲ್ಲಿರುವ ಅವರ ಕಡೆಯವರು ಬಂದು ತಾಳ ಹಿಡಿದು ಭಜನೆ ಮಾಡಿದರು. ಪಾಳಿ ಮುಗಿಸಿದವರು, ಪಾಳಿಗೆ ಹೋಗುವವರು, ಗುರುತಿನ ಚೀಟಿ ಕೊರಳಲ್ಲಿದ್ದ ಹಾಗೇ ಬಂದು ಪಾದ ಮುಟ್ಟಿ ಹೋದರು. ಅಧ್ಯಕ್ಷರು ಬಂದರು. ಚಪ್ಪಲಿ ಬಿಟ್ಟು ಜಗಲಿಯ ಕೆಳಗೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ಹೋದರು. ಬೂತಿನವರು ಬರಲಿಲ್ಲ. ಬೀದಿ ದೀಪ ನೋಡಿಕೊಳ್ಳುತ್ತಿದ್ದವರು ತಮ್ಮ ಗೇಟಿನಲ್ಲೇ ನಿಂತು, ಮೆರವಣಿಗೆ ದಾಟುವ ತನಕ ಟೋಪಿ ಕೈಯಲ್ಲಿ ಹಿಡಿದಿದ್ದರು.

ಮಣ್ಣು ಮಾಡಿ ಬಂದ ಮೇಲೆ ಅವಳು ನೆನೆದ ಸೀರೆಯಲ್ಲೇ ಬಕೆಟ್ಟು ತುಂಬಿಸಿಕೊಂಡು ಜಗಲಿಗೆ ಹೊರಟಿದ್ದಳು. ‘ತೊಳದು ಕೊಡ್ತೀನಂತ ಮಾತು ಕೊಟ್ಟೇನ್ರಿ ಅಕ್ಕಾರ.’ ನಾನು ಪೊರಕೆ ಹಿಡಿದು ನಿಂತಿದ್ದೆ. ‘ಆಗಲೇ ತೊಳೆದಾಯ್ತು, ಹೋಗಿ ಸೀರೆ ಬದಲಾಯಿಸು’ ಎಂದೆ. ಇನ್ನೂ ಅರ್ಧ ತೊಳೆದಿರಲಿಲ್ಲ. ಅವಳು ಬಕೆಟ್ಟು ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದಳು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನಾನು ಅನ್ನ, ತೊಗರಿಬೇಳೆಯ ತೆಳು ಸಾರು ಮಾಡಿ ಮೇಲಕ್ಕೆ ಕಳಿಸಿದೆ. ಪಕ್ಕದ ಕಟ್ಟಡದಿಂದ ಅವರ ಕಡೆಯ ಹೆಂಗಸರು ಜೋಳದ ರೊಟ್ಟಿ ತಟ್ಟಿ ತಂದರು. ಅವಳ ಗಂಡ ಅನ್ನ ಸಾರು ಉಂಡ. ಅವಳು ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ತಿಂದಳು. ಬೆಳಿಗ್ಗೆ ನಾನು ಕಾಯಿಸಿ ಮುಚ್ಚಿಟ್ಟಿದ್ದ ಹಾಲು. ನಾನೂ ಯಜಮಾನರೂ ಕೆಳಗೆ ಮಿಕ್ಕ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆವು. ಪಾತ್ರೆ ತರಲು ನಾನು ಮೇಲೆ ಹೋದಾಗ ಅವಳು ತಟ್ಟೆ ತೊಡೆಯ ಮೇಲಿಟ್ಟುಕೊಂಡೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಎಲ್ಲರಿಗಿಂತ ಮೊದಲು ಮಲಗಿದವಳು ಅವಳೇ.